ವಿಪಿಎನ್ ಬಳಕೆ ಮತ್ತು ಮೊಬೈಲ್ ಡೇಟಾ ವೆಚ್ಚ: ವರ್ತಕರು ಅರಿಯಬೇಕಾದ ಲೆಕ್ಕಾಚಾರ

ಮಾರಾಟ ಪ್ರತಿನಿಧಿಯು ಅಂಗಡಿಯಿಂದ ಅಂಗಡಿಗೆ ತೆರಳಿ ಪುಸ್ತಕದಲ್ಲಿ ಆರ್ಡರ್ ಬರೆದುಕೊಂಡು ಸಂಜೆ ಕಚೇರಿಗೆ ತಂದೊಪ್ಪಿಸುವ ಪದ್ಧತಿ ಬಹುಮಟ್ಟಿಗೆ ಮರೆಯಾಗಿದೆ. ಇಂದು ಪ್ರತಿನಿಧಿಯ ಕೈಯಲ್ಲಿರುವ ಮೊಬೈಲ್ ಫೋನೇ ಆರ್ಡರ್ ಪುಸ್ತಕವೂ ಹೌದು, ದರಪಟ್ಟಿಯೂ ಹೌದು, ಗ್ರಾಹಕನ ಬಾಕಿ ತೋರಿಸುವ ಖಾತೆಯೂ ಹೌದು. ಈ ಮಾಹಿತಿಯೆಲ್ಲ ಕಚೇರಿಯ ಸರ್ವರ್‌ನಿಂದ ಬರಬೇಕಾಗಿರುವುದರಿಂದ, ದಾರಿಯಲ್ಲಿ ಅದು ಅನ್ಯರ ಕೈಸೇರದಂತೆ ಅನೇಕ ಸಂಸ್ಥೆಗಳು ವಿಪಿಎನ್ ವ್ಯವಸ್ಥೆಯನ್ನು ಅಳವಡಿಸಿಕೊಂಡಿವೆ.

ಇದರೊಂದಿಗೆ ಒಂದು ದೂರೂ ಕೇಳಿಬರುತ್ತದೆ. ವಿಪಿಎನ್ ಹಾಕಿದಂದಿನಿಂದ ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಪ್ರತ್ಯೇಕ ರೀಚಾರ್ಜ್ ಹಣ ಕೊಡಬೇಕು, ಇಲ್ಲವೇ ವಿಪಿಎನ್ ತೆಗೆಯಬೇಕು ಎಂಬುದು ಸಿಬ್ಬಂದಿಯ ವಾದ. ಮಾಲೀಕರಿಗೆ ಇದರ ಸತ್ಯಾಸತ್ಯತೆಯನ್ನು ಅಳೆಯುವ ದಾರಿ ತಿಳಿದಿರುವುದಿಲ್ಲ. ಪರಿಣಾಮವಾಗಿ ಕೆಲವರು ಅನಗತ್ಯ ವೆಚ್ಚವನ್ನು ಒಪ್ಪಿಕೊಳ್ಳುತ್ತಾರೆ. ಇನ್ನು ಕೆಲವರು ವಿಪಿಎನ್ ಅನ್ನೇ ತೆಗೆದುಹಾಕಿ ಲೆಕ್ಕಪತ್ರಗಳ ಬಾಗಿಲನ್ನು ತೆರೆದಿಡುತ್ತಾರೆ. ಎರಡೂ ನಿರ್ಧಾರಗಳು ಊಹೆಯ ಮೇಲೆ ನಿಂತವು. ವಿಪಿಎನ್‌ನಿಂದ ಡೇಟಾ ಬಳಕೆ ಹೆಚ್ಚುತ್ತದೆಯೇ, ಹೆಚ್ಚುವುದಾದರೆ ಎಷ್ಟು, ಅದರ ಬೆಲೆ ಎಷ್ಟು ರೂಪಾಯಿ ಎಂಬುದನ್ನು ಅಂಕಿಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ವಿಪಿಎನ್ ಎಂದರೇನು?

ವಿಪಿಎನ್ ಎಂದರೆ ಸಾರ್ವಜನಿಕ ಇಂಟರ್ನೆಟ್‌ನ ಒಳಗೇ ನಿರ್ಮಿಸಿಕೊಳ್ಳುವ ಒಂದು ಖಾಸಗಿ ಸುರಂಗಮಾರ್ಗ. ಇದರ ಒಂದು ತುದಿ ಮೊಬೈಲ್ ಫೋನಿನಲ್ಲಿಯೂ ಇನ್ನೊಂದು ತುದಿ ಕಚೇರಿಯ ಸರ್ವರ್‌ನಲ್ಲಿ ಅಥವಾ ಸೇವಾ ಸಂಸ್ಥೆಯ ಸರ್ವರ್‌ನಲ್ಲಿಯೂ ಇರುತ್ತದೆ. ಈ ಎರಡು ತುದಿಗಳ ನಡುವೆ ಸಾಗುವ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸಲಾಗುವುದರಿಂದ, ನಡುವೆ ಇರುವ ಯಾರಿಗೂ ಒಳಗಿನ ವಿಷಯ ಓದಲು ಬರುವುದಿಲ್ಲ.

ಈ ತಂತ್ರ ಹೊಸದೇನಲ್ಲ. ಮೈಕ್ರೋಸಾಫ್ಟ್ ಮತ್ತು ಇತರ ಕಂಪನಿಗಳು ಸೇರಿ ರೂಪಿಸಿದ ಪಿಪಿಟಿಪಿ ಎಂಬ ವಿಧಾನದ ವಿವರಗಳು 1999ರಲ್ಲಿ ಪ್ರಕಟವಾದವು. ಅದರ ಭದ್ರತೆ ದುರ್ಬಲವೆಂದು ಕಂಡುಬಂದುದರಿಂದ ಇಂದು ಅದನ್ನು ಬಳಸುವುದು ಸೂಕ್ತವಲ್ಲ. 2001ರಲ್ಲಿ ಓಪನ್‌ವಿಪಿಎನ್ ಬಂದಿತು. ಐಪಿಸೆಕ್ ವಿಧಾನವು ದೊಡ್ಡ ಕಚೇರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ವೈರ್‌ಗಾರ್ಡ್ ಎಂಬ ಹಗುರವಾದ ವಿಧಾನವು 2020ರ ಮಾರ್ಚ್‌ನಲ್ಲಿ ಲಿನಕ್ಸ್ ವ್ಯವಸ್ಥೆಯ ಮೂಲಭಾಗದಲ್ಲಿಯೇ ಸೇರ್ಪಡೆಗೊಂಡಿತು. ಯಾವ ವಿಧಾನವನ್ನು ಆರಿಸಿಕೊಳ್ಳಲಾಗಿದೆ ಎಂಬುದರ ಮೇಲೆ ಡೇಟಾ ಹೆಚ್ಚಳದ ಪ್ರಮಾಣ ಅವಲಂಬಿಸಿರುತ್ತದೆ.

2. ಡೇಟಾ ಏಕೆ ಹೆಚ್ಚುತ್ತದೆ?

ಇಂಟರ್ನೆಟ್‌ನಲ್ಲಿ ಮಾಹಿತಿಯು ಒಂದೇ ಹರಿವಾಗಿ ಸಾಗುವುದಿಲ್ಲ. ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಸಾಗುತ್ತದೆ. ಪ್ರತಿ ಪ್ಯಾಕೆಟ್‌ನ ಮೇಲೆ ಕಳುಹಿಸುವವರ ಮತ್ತು ಸ್ವೀಕರಿಸುವವರ ವಿಳಾಸವಿರುತ್ತದೆ. ವಿಪಿಎನ್ ಮಾಡುವ ಕೆಲಸವೆಂದರೆ, ಈ ಪ್ಯಾಕೆಟ್ ಅನ್ನು ವಿಳಾಸ ಸಹಿತವಾಗಿ ಗೂಢಲಿಪಿಗೆ ಪರಿವರ್ತಿಸಿ, ಅದರ ಮೇಲೆ ಮತ್ತೊಂದು ಹೊದಿಕೆ ಹಾಕಿ, ಹೊಸ ವಿಳಾಸ ಬರೆದು ಕಳುಹಿಸುವುದು.

ವರ್ತಕರಿಗೆ ಇದು ಪರಿಚಿತ ವಿಷಯವೇ. ಸರಕಿನ ನಿವ್ವಳ ತೂಕ ಬೇರೆ, ಗೋಣಿಚೀಲ ಸೇರಿದ ಒಟ್ಟು ತೂಕ ಬೇರೆ. ಲಾರಿ ಬಾಡಿಗೆಯನ್ನು ಒಟ್ಟು ತೂಕದ ಮೇಲೆ ಕೊಡಬೇಕು. ವಿಪಿಎನ್ ಹೊದಿಕೆಯು ಎರಡನೆಯ ಗೋಣಿಚೀಲವಿದ್ದಂತೆ. ಮೊಬೈಲ್ ಕಂಪನಿಯು ತನ್ನ ಜಾಲದಲ್ಲಿ ಸಾಗಿದ ಒಟ್ಟು ತೂಕವನ್ನು, ಅಂದರೆ ಒಳಬಂದ ಮತ್ತು ಹೊರಹೋದ ಎಲ್ಲ ಬೈಟ್‌ಗಳನ್ನು, ಲೆಕ್ಕಕ್ಕೆ ಹಿಡಿಯುತ್ತದೆ. ಆದುದರಿಂದ ವಿಪಿಎನ್ ಬಳಸಿದಾಗ ಡೇಟಾ ಬಳಕೆ ಹೆಚ್ಚಲೇಬೇಕು. ಸಿಬ್ಬಂದಿಯ ದೂರು ಇಷ್ಟರ ಮಟ್ಟಿಗೆ ಸತ್ಯ. ಉಳಿದಿರುವ ಪ್ರಶ್ನೆ ಪ್ರಮಾಣದ್ದು.

3. ಹೆಚ್ಚಳದ ಪ್ರಮಾಣ

ವೈರ್‌ಗಾರ್ಡ್ ವಿಧಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರಲ್ಲಿ ಪ್ರತಿ ಪ್ಯಾಕೆಟ್‌ಗೆ ಸೇರುವ ಹೊದಿಕೆಯು, ಹಳೆಯ ಐಪಿ ವಿಳಾಸ ಪದ್ಧತಿಯಲ್ಲಿ 60 ಬೈಟ್, ಐಪಿವಿ6 ಪದ್ಧತಿಯಲ್ಲಿ 80 ಬೈಟ್.

(ಅ) ದೊಡ್ಡ ಪ್ಯಾಕೆಟ್‌ಗಳು: ಕಡತ ಇಳಿಸಿಕೊಳ್ಳುವಾಗ ಅಥವಾ ವಿಡಿಯೋ ನೋಡುವಾಗ ಪ್ಯಾಕೆಟ್‌ಗಳು ತುಂಬಿರುತ್ತವೆ. ಒಳಗಿನ ಪ್ಯಾಕೆಟ್ 1,420 ಬೈಟ್ ಇದ್ದರೆ ಹೊದಿಕೆಯೊಂದಿಗೆ ಅದು 1,480 ಅಥವಾ 1,500 ಬೈಟ್ ಆಗುತ್ತದೆ. ಹೆಚ್ಚಳವು ಸುಮಾರು ಶೇ. 4ರಿಂದ 6.

(ಆ) ಸಣ್ಣ ಪ್ಯಾಕೆಟ್‌ಗಳು: ಹೊದಿಕೆಯ ಗಾತ್ರ ಸ್ಥಿರವಾಗಿರುವುದರಿಂದ, ಪ್ಯಾಕೆಟ್ ಚಿಕ್ಕದಾದಷ್ಟೂ ಶೇಕಡಾವಾರು ಹೊರೆ ಏರುತ್ತದೆ. ಕಚೇರಿಯ ಇಂಟರ್ನೆಟ್ ದೂರವಾಣಿಗಳಲ್ಲಿ ಬಳಸುವ ಜಿ.729 ಎಂಬ ಧ್ವನಿ ವಿಧಾನದಲ್ಲಿ ಸೆಕೆಂಡಿಗೆ 50 ಪ್ಯಾಕೆಟ್‌ಗಳು, ತಲಾ 60 ಬೈಟ್‌ನಂತೆ ಸಾಗುತ್ತವೆ. ಒಂದು ಗಂಟೆಗೆ ಒಂದು ದಿಕ್ಕಿನಲ್ಲಿ 10.8 ಎಂಬಿ. ವೈರ್‌ಗಾರ್ಡ್ ಮೂಲಕ ಹೋದಾಗ ಪ್ರತಿ ಪ್ಯಾಕೆಟ್ 124 ಬೈಟ್ ಆಗಿ, ಗಂಟೆಗೆ 22.3 ಎಂಬಿ ಆಗುತ್ತದೆ. ಹೆಚ್ಚಳ ಶೇ. 100ಕ್ಕೂ ಮೇಲು.

ಎರಡನೆಯ ಅಂಕಿಯನ್ನು ಕಂಡು ಗಾಬರಿಯಾಗಬೇಕಿಲ್ಲ. ಶೇಕಡಾವಾರು ದೊಡ್ಡದಾದರೂ ಮೂಲ ಮೊತ್ತ ಚಿಕ್ಕದು. ಎರಡೂ ದಿಕ್ಕು ಸೇರಿಸಿದರೆ ಒಂದು ಗಂಟೆಯ ಮಾತಿಗೆ ಹೆಚ್ಚುವರಿಯಾಗಿ ತಗಲುವುದು ಸುಮಾರು 23 ಎಂಬಿ ಮಾತ್ರ, ದಿನಕ್ಕೆ 1.5 ಜಿಬಿ ಮಿತಿಯಿರುವ ಯೋಜನೆಯಲ್ಲಿ ಇದು ಶೇ. 1.5ರಷ್ಟು. ಶೇಕಡಾವಾರನ್ನು ಮಾತ್ರ ನೋಡಿ ಮೊತ್ತವನ್ನು ಮರೆಯುವುದು ಲೆಕ್ಕದಲ್ಲಿ ಪದೇ ಪದೇ ಆಗುವ ತಪ್ಪು.

(ಇ) ಸುಮ್ಮನಿರುವಾಗಿನ ಬಳಕೆ: ಫೋನ್ ಬಳಸದಿದ್ದಾಗಲೂ ಸಂಪರ್ಕ ಕಡಿದುಹೋಗದಂತೆ ವಿಪಿಎನ್ ಆಗಾಗ್ಗೆ ಪುಟ್ಟ ಸಂದೇಶ ಕಳುಹಿಸುವಂತೆ ಹೊಂದಿಸಬಹುದು. 25 ಸೆಕೆಂಡಿಗೊಮ್ಮೆ 60 ಬೈಟ್‌ನಂತೆ ದಿನವಿಡೀ ಕಳುಹಿಸಿದರೂ ಒಟ್ಟು 3,456 ಸಂದೇಶಗಳಾಗಿ, ದಿನಕ್ಕೆ 0.2 ಎಂಬಿ, ತಿಂಗಳಿಗೆ ಸುಮಾರು 6 ಎಂಬಿ ಆಗುತ್ತದೆ. ಇದರಿಂದ ಬ್ಯಾಟರಿಯ ಮೇಲೆ ಹೊರೆ ಬೀಳಬಹುದೇ ಹೊರತು ಡೇಟಾ ಮೇಲಿನ ಹೊರೆ ಗಣನೆಗೆ ಬಾರದು.

ಐಪಿಸೆಕ್ ಮತ್ತು ಓಪನ್‌ವಿಪಿಎನ್‌ಗಳಲ್ಲಿ ಹೊದಿಕೆಯ ಗಾತ್ರವು ಆರಿಸಿಕೊಂಡ ಗೂಢಲಿಪಿ ವಿಧಾನಕ್ಕೆ ಅನುಗುಣವಾಗಿ ಬದಲಾಗುತ್ತದೆ. ಕೆಲವು ಹೊಂದಿಕೆಗಳಲ್ಲಿ ವೈರ್‌ಗಾರ್ಡ್‌ಗಿಂತ ಹೆಚ್ಚು. ಅಂದಾಜು ಪತ್ರ ಸಿದ್ಧಪಡಿಸುವಾಗ ಸಾಮಾನ್ಯ ಕಚೇರಿ ಬಳಕೆಗೆ ಶೇ. 8ರಷ್ಟು ಹೆಚ್ಚಳವೆಂದು ಹಿಡಿದುಕೊಂಡರೆ ಸಾಕಷ್ಟು ಎಚ್ಚರಿಕೆಯ ಅಂದಾಜಾಗುತ್ತದೆ. ಈ ಲೇಖನದ ಮುಂದಿನ ಲೆಕ್ಕಗಳಲ್ಲಿ ಇದೇ ಪ್ರಮಾಣವನ್ನು ಬಳಸಲಾಗಿದೆ.

4. ಹೆಚ್ಚಳವನ್ನು ಹಿಗ್ಗಿಸುವ ಸಂದರ್ಭಗಳು

ಮೇಲ್ಕಂಡ ಪ್ರಮಾಣವು ಸರಿಯಾಗಿ ಹೊಂದಿಸಿದ ವ್ಯವಸ್ಥೆಗೆ ಅನ್ವಯಿಸುತ್ತದೆ. ಎರಡು ಸಂದರ್ಭಗಳಲ್ಲಿ ಅದು ಮೀರಬಹುದು.

ಮೊದಲನೆಯದು, ಓಪನ್‌ವಿಪಿಎನ್ ಅನ್ನು ಟಿಸಿಪಿ ವಿಧಾನದಲ್ಲಿ ನಡೆಸುವುದು. ಟಿಸಿಪಿ ಎಂದರೆ ತಲುಪಿದ ಬಗ್ಗೆ ರಸೀದಿ ಕೇಳುವ, ರಸೀದಿ ಬಾರದಿದ್ದರೆ ಮತ್ತೊಮ್ಮೆ ಕಳುಹಿಸುವ ವಿಧಾನ. ಒಳಗಿನ ಪ್ಯಾಕೆಟ್ ಕೂಡ ಇದೇ ವಿಧಾನದ್ದಾಗಿದ್ದರೆ, ಸಿಗ್ನಲ್ ದುರ್ಬಲವಿರುವ ಊರಿನಲ್ಲಿ ಒಳಗಿನದೂ ಹೊರಗಿನದೂ ಎರಡೂ ಮರುಕಳುಹಿಸಲು ತೊಡಗುತ್ತವೆ. ಹೀಗೆ ಮತ್ತೆ ಮತ್ತೆ ಕಳುಹಿಸಿದ ಪ್ಯಾಕೆಟ್‌ಗಳೂ ಗ್ರಾಹಕನ ಲೆಕ್ಕಕ್ಕೆ ಸೇರುತ್ತವೆ. ಯುಡಿಪಿ ವಿಧಾನಕ್ಕೆ ಬದಲಾಯಿಸುವುದು ಇದಕ್ಕೆ ಪರಿಹಾರ.

ಎರಡನೆಯದು, ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು ತಪ್ಪಾಗಿ ಹೊಂದಿಸುವುದು. ಹೊದಿಕೆ ಸೇರಿದ ನಂತರ ಪ್ಯಾಕೆಟ್ ಮಿತಿ ಮೀರಿದರೆ ಅದು ಎರಡು ತುಂಡಾಗಿ, ಎರಡಕ್ಕೂ ಪ್ರತ್ಯೇಕ ವಿಳಾಸಪಟ್ಟಿ ಬೇಕಾಗುತ್ತದೆ. ವ್ಯವಸ್ಥೆ ಅಳವಡಿಸಿದ ತಂತ್ರಜ್ಞರನ್ನು ಈ ಎರಡು ಅಂಶಗಳ ಬಗ್ಗೆ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.

5. ಪ್ರಚಲಿತ ತಪ್ಪು ಕಲ್ಪನೆಗಳು

"ವಿಪಿಎನ್ ಹಾಕಿದರೆ ಕಂಪನಿಗೆ ಏನೂ ಕಾಣುವುದಿಲ್ಲ, ಆದುದರಿಂದ ಡೇಟಾ ಕಡಿತವಾಗದು." ಇದು ಸರಿಯಲ್ಲ. ಮುದ್ರೆ ಹಾಕಿದ ಪಾರ್ಸೆಲ್‌ನ ಒಳಗೇನಿದೆ ಎಂದು ಅಂಚೆ ಕಚೇರಿಗೆ ತಿಳಿಯದಿದ್ದರೂ ತೂಕ ನೋಡಿ ದರ ಪಡೆಯಲು ಅಡ್ಡಿಯಿಲ್ಲ. ಗೂಢಲಿಪಿಯು ವಿಷಯವನ್ನು ಮರೆಮಾಡುತ್ತದೆ, ಗಾತ್ರವನ್ನು ಮರೆಮಾಡುವುದಿಲ್ಲ.

"ದಿನದ ಮಿತಿ ಮುಗಿದ ಮೇಲೆ ವಿಪಿಎನ್ ಹಾಕಿದರೆ ವೇಗ ಮರಳುತ್ತದೆ." ಮಿತಿ ಮುಗಿದ ನಂತರ ಅನೇಕ ಯೋಜನೆಗಳಲ್ಲಿ ವೇಗವನ್ನು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಲಾಗುತ್ತದೆ. ಈ ವೇಗದಲ್ಲಿ 1 ಎಂಬಿ ಸಾಗಲು ಎರಡು ನಿಮಿಷಕ್ಕೂ ಹೆಚ್ಚು ಸಮಯ ಬೇಕು. ಈ ಇಳಿಕೆಯು ಇಡೀ ಸಂಪರ್ಕಕ್ಕೆ ಅನ್ವಯಿಸುವುದರಿಂದ ವಿಪಿಎನ್‌ಗೂ ಅದರಿಂದ ವಿನಾಯಿತಿ ಇಲ್ಲ.

"ವಿಪಿಎನ್ ಡೇಟಾ ಉಳಿಸುತ್ತದೆ." ಹಿಂದೆ ಕೆಲವು ವಿಪಿಎನ್‌ಗಳಲ್ಲಿ ಮಾಹಿತಿಯನ್ನು ಕುಗ್ಗಿಸಿ ಕಳುಹಿಸುವ ಸೌಲಭ್ಯವಿದ್ದುದು ನಿಜ. ಆದರೆ ಇಂದು ಚಿತ್ರ, ವಿಡಿಯೋಗಳು ಮೊದಲೇ ಕುಗ್ಗಿಸಲ್ಪಟ್ಟಿರುತ್ತವೆ. ಸುರಕ್ಷಿತ ಜಾಲತಾಣಗಳ ಮಾಹಿತಿ ಮೊದಲೇ ಗೂಢಲಿಪಿಯಲ್ಲಿರುತ್ತದೆ. ಇವನ್ನು ಮತ್ತೆ ಕುಗ್ಗಿಸಲಾಗದು. ಮೇಲಾಗಿ 2018ರಲ್ಲಿ ವೊರಾಕಲ್ ಎಂಬ ದಾಳಿ ವಿಧಾನವು ಬೆಳಕಿಗೆ ಬಂದು, ಹೀಗೆ ಕುಗ್ಗಿಸುವುದು ಭದ್ರತೆಗೇ ಅಪಾಯವೆಂದು ತಿಳಿದುಬಂದಿತು. ವಿಪಿಎನ್ ಹಾಕಿದಾಗ ಬಳಕೆ ಕಡಿಮೆಯಾದಂತೆ ಕೆಲವರಿಗೆ ಕಾಣುವುದಕ್ಕೆ ಬೇರೆಯೇ ಕಾರಣವಿರಬಹುದು: ಸಂಪರ್ಕ ನಿಧಾನವಾದಾಗ ವಿಡಿಯೋ ಆ್ಯಪ್‌ಗಳು ಚಿತ್ರದ ಗುಣಮಟ್ಟವನ್ನು ತಾವಾಗಿಯೇ ಇಳಿಸುತ್ತವೆ. ಅದು ಉಳಿತಾಯವೆನ್ನುವುದಕ್ಕಿಂತ ಕಡಿಮೆ ಸರಕು ಬಂದಂತೆ.

"ದೂರದ ದೇಶದ ಸರ್ವರ್ ಆರಿಸಿದರೆ ಡೇಟಾ ಹೆಚ್ಚು ಖರ್ಚಾಗುತ್ತದೆ." ದೂರ ಹೆಚ್ಚಿದಂತೆ ಸಮಯ ಹೆಚ್ಚುತ್ತದೆ; ಬೈಟ್‌ಗಳ ಸಂಖ್ಯೆ ಹೆಚ್ಚುವುದಿಲ್ಲ. ಅಂತೆಯೇ, ವಿದೇಶ ಪ್ರವಾಸದಲ್ಲಿ ಭಾರತದ ಸರ್ವರ್‌ಗೆ ವಿಪಿಎನ್ ಹಾಕಿಕೊಂಡ ಮಾತ್ರಕ್ಕೆ ರೋಮಿಂಗ್ ದರ ಕಡಿಮೆಯಾಗುವುದಿಲ್ಲ. ಸಿಮ್ ಯಾವ ಜಾಲದಲ್ಲಿ ನೋಂದಣಿಯಾಗಿದೆಯೋ ಆ ದರವೇ ಅನ್ವಯ.

ಕೆಲವು ದೇಶಗಳಲ್ಲಿ ನಿರ್ದಿಷ್ಟ ಆ್ಯಪ್‌ಗಳ ಬಳಕೆಗೆ ಡೇಟಾ ಕಡಿತ ಮಾಡದ ಯೋಜನೆಗಳಿವೆ. ಅಲ್ಲಿ ವಿಪಿಎನ್ ಹಾಕಿದರೆ ಕಂಪನಿಗೆ ಯಾವ ಆ್ಯಪ್ ಎಂದು ಗುರುತಿಸಲಾಗದೆ ಆ ರಿಯಾಯಿತಿ ತಪ್ಪಿಹೋಗುತ್ತದೆ. ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರವರಿ 8ರಂದು ಹೊರಡಿಸಿದ ನಿಯಮಾವಳಿಯ ಮೂಲಕ, ವಿಷಯವನ್ನಾಧರಿಸಿ ಬೇರೆ ಬೇರೆ ಡೇಟಾ ದರ ವಿಧಿಸುವುದನ್ನು ನಿಷೇಧಿಸಿರುವುದರಿಂದ ಇಲ್ಲಿನ ವರ್ತಕರಿಗೆ ಈ ಸಮಸ್ಯೆ ಸಾಮಾನ್ಯವಾಗಿ ಎದುರಾಗುವುದಿಲ್ಲ.

6. ಒಂದು ಉದಾಹರಣೆ

ವಿಷಯವನ್ನು ರೂಪಾಯಿಗಳಲ್ಲಿ ನೋಡಲು ಒಂದು ಕಲ್ಪಿತ ಸಗಟು ವ್ಯಾಪಾರ ಸಂಸ್ಥೆಯನ್ನು ತೆಗೆದುಕೊಳ್ಳೋಣ. ಸಂಸ್ಥೆಯಲ್ಲಿ 12 ಮಾರಾಟ ಪ್ರತಿನಿಧಿಗಳಿದ್ದಾರೆ. ತಿಂಗಳಿಗೆ 26 ಕೆಲಸದ ದಿನಗಳು. ಪ್ರತಿಯೊಬ್ಬರ ಬಳಿ 28 ದಿನಗಳ, ದಿನಕ್ಕೆ 1.5 ಜಿಬಿ ಮಿತಿಯ ಯೋಜನೆಯಿದ್ದು, ಅದರ ದರ ತೆರಿಗೆ ಸೇರಿ ರೂ. 300 ಎಂದಿಟ್ಟುಕೊಳ್ಳೋಣ. ಒಟ್ಟು 42 ಜಿಬಿಗೆ ರೂ. 300 ಎಂದರೆ 1 ಜಿಬಿಗೆ ರೂ. 7.14. ಲೆಕ್ಕದ ಸೌಲಭ್ಯಕ್ಕಾಗಿ 1 ಜಿಬಿಯನ್ನು 1,000 ಎಂಬಿ ಎಂದು ಹಿಡಿಯಲಾಗಿದೆ.

ಪ್ರತಿನಿಧಿಯೊಬ್ಬರ ಒಂದು ದಿನದ ಬಳಕೆ ಹೀಗಿದೆ:

ಕಚೇರಿ ಕೆಲಸ: 250 ಎಂಬಿ
ಫೋಟೋಗಳು ತಾವಾಗಿಯೇ ಸಂಗ್ರಹಕ್ಕೆ ಹೋಗುವುದು: 400 ಎಂಬಿ
ಆ್ಯಪ್‌ಗಳು ತಾವಾಗಿಯೇ ನವೀಕರಣಗೊಳ್ಳುವುದು: 300 ಎಂಬಿ
ವಿಡಿಯೋ ಮತ್ತಿತರ ಸ್ವಂತ ಬಳಕೆ: 600 ಎಂಬಿ
ಒಟ್ಟು: 1,550 ಎಂಬಿ
ವಿಪಿಎನ್ ಹೆಚ್ಚಳ ಶೇ. 8ರಂತೆ: 124 ಎಂಬಿ
ಮಹಾಮೊತ್ತ: 1,674 ಎಂಬಿ

ದಿನದ ಮಿತಿ 1,500 ಎಂಬಿ ಆದುದರಿಂದ ಪ್ರತಿನಿಧಿಯ ಡೇಟಾ ಸಂಜೆಯೊಳಗೆ ಮುಗಿಯುತ್ತದೆ. ಆತ ವಿಪಿಎನ್ ಅನ್ನು ದೂರುತ್ತಾನೆ. ಆದರೆ ವಿಪಿಎನ್ ತೆಗೆದರೂ ಬಳಕೆ 1,550 ಎಂಬಿ ಇದ್ದೇ ಇರುತ್ತದೆ. ಮಿತಿ ಆಗಲೂ ಮುಗಿಯುತ್ತದೆ. ಇದಕ್ಕೆ ಬದಲಾಗಿ ಫೋಟೋ ಸಂಗ್ರಹ ಮತ್ತು ಆ್ಯಪ್ ನವೀಕರಣಗಳು ವೈಫೈ ಇದ್ದಾಗ ಮಾತ್ರ ನಡೆಯುವಂತೆ ಹೊಂದಿಸಿದರೆ 700 ಎಂಬಿ ಕಳೆದು, 850 ಎಂಬಿ ಉಳಿಯುತ್ತದೆ. ಅದಕ್ಕೆ ಶೇ. 8ರಂತೆ 68 ಎಂಬಿ ಸೇರಿಸಿದರೂ ಒಟ್ಟು 918 ಎಂಬಿ ಮಾತ್ರ. ವಿಪಿಎನ್ ಇದ್ದುಕೊಂಡೇ ಮಿತಿಯೊಳಗೆ 582 ಎಂಬಿ ಉಳಿತಾಯ.

ಈಗ ಹಣದ ಲೆಕ್ಕ. ಮಿತಿ ಮುಗಿದಾಗಲೆಲ್ಲ ರೂ. 20ರ ಹೆಚ್ಚುವರಿ ಡೇಟಾ ಹಾಕಿಸಲು ಸಂಸ್ಥೆ ಒಪ್ಪಿಕೊಂಡಿದ್ದರೆ ತಿಂಗಳಿಗೆ 12 × 26 × 20 = ರೂ. 6,240 ವೆಚ್ಚವಾಗುತ್ತದೆ. ವಿಪಿಎನ್ ಹೆಚ್ಚಳದ ಬೆಲೆಯನ್ನು ಸರಾಸರಿ ದರದಲ್ಲಿ ಲೆಕ್ಕ ಹಾಕಿದರೆ, ಮೊದಲಿನ ಅವ್ಯವಸ್ಥಿತ ಬಳಕೆಯಲ್ಲಿಯೂ ಅದು 12 ಜನರಿಗೆ ಸೇರಿ ರೂ. 276 ಮಾತ್ರ. ಕಚೇರಿ ಕೆಲಸದ 250 ಎಂಬಿಗಷ್ಟೇ ವಿಪಿಎನ್ ಅನ್ವಯವಾಗುವಂತೆ ಮಾಡಿದರೆ ದಿನಕ್ಕೆ 20 ಎಂಬಿ ಹೆಚ್ಚಳವಾಗಿ, ತಿಂಗಳಿಗೆ ಎಲ್ಲರದೂ ಸೇರಿ ಸುಮಾರು ರೂ. 45.

ಇಲ್ಲಿ ಸರಾಸರಿ ವೆಚ್ಚ ಮತ್ತು ಸೀಮಾಂತ ವೆಚ್ಚಗಳ ವ್ಯತ್ಯಾಸವನ್ನು ಗಮನಿಸಬೇಕು. ದಿನದ ಮಿತಿಯೊಳಗೆ ಇರುವವರೆಗೆ ವಿಪಿಎನ್ ಹೆಚ್ಚಳಕ್ಕೆ ಕೈಯಿಂದ ಹೊಸದಾಗಿ ಒಂದು ಪೈಸೆಯೂ ಹೋಗುವುದಿಲ್ಲ. ರೀಚಾರ್ಜ್ ಹಣ ಈಗಾಗಲೇ ಸಂದಾಯವಾಗಿದೆ. ಮಿತಿ ದಾಟಿದ ಕ್ಷಣ ಒಂದೊಂದು ಎಂಬಿಯೂ ದುಬಾರಿ. ಆದುದರಿಂದ ಮಿತಿಯ ಅಂಚಿನಲ್ಲಿರುವ, ಅಂದರೆ ದಿನಕ್ಕೆ 1,400 ಎಂಬಿ ಅಥವಾ ಅದಕ್ಕಿಂತ ಹೆಚ್ಚು ಬಳಸುವ ಸಿಬ್ಬಂದಿಯ ವಿಷಯದಲ್ಲಿ ಮಾತ್ರ ವಿಪಿಎನ್ ಹೆಚ್ಚಳವು ನಿಜವಾದ ಹೊರೆಯಾಗುತ್ತದೆ.

ಜಿಪಿಆರ್‌ಎಸ್ ಕಾಲದಲ್ಲಿ 10 ಕೆಬಿಗೆ 10 ಪೈಸೆ ಎಂಬ ದರ ಸಾಮಾನ್ಯವಾಗಿತ್ತು. ಅಂದರೆ 1 ಎಂಬಿಗೆ ಸುಮಾರು ರೂ. 10. ಅಂದಿನ ದರದಲ್ಲಿ ದಿನಕ್ಕೆ 20 ಎಂಬಿ ಹೆಚ್ಚಳವೆಂದರೆ ರೂ. 200. ಆಗ ಈ ಭಯಕ್ಕೆ ಅರ್ಥವಿತ್ತು. 2016ರ ನಂತರ ಡೇಟಾ ದರಗಳು ಕುಸಿದಿದ್ದರೂ ಆ ಕಾಲದ ಭಯ ಮಾತ್ರ ಉಳಿದುಕೊಂಡಿದೆ.

7. ಪೂರ್ಣ ಸುರಂಗ ಮತ್ತು ಭಾಗಶಃ ಸುರಂಗ

ಫೋನಿನ ಎಲ್ಲ ಬಳಕೆಯೂ ವಿಪಿಎನ್ ಮೂಲಕವೇ ಹೋಗುವುದು ಪೂರ್ಣ ಸುರಂಗ. ಕಚೇರಿಯ ಸರ್ವರ್‌ಗೆ ಸಂಬಂಧಿಸಿದುದು ಮಾತ್ರ ವಿಪಿಎನ್ ಮೂಲಕ ಹೋಗಿ, ಉಳಿದುದು ನೇರವಾಗಿ ಇಂಟರ್ನೆಟ್‌ಗೆ ಹೋಗುವುದು ಭಾಗಶಃ ಸುರಂಗ. ವೆಚ್ಚದ ದೃಷ್ಟಿಯಿಂದ ಈ ಆಯ್ಕೆಯೇ ಮುಖ್ಯವಾದುದು.

ಪೂರ್ಣ ಸುರಂಗದಲ್ಲಿ ಪ್ರತಿನಿಧಿಯು ನೋಡುವ ವಿಡಿಯೋ ಮೊದಲು ಕಚೇರಿಯ ಬ್ರಾಡ್‌ಬ್ಯಾಂಡ್‌ಗೆ ಇಳಿದು, ಅಲ್ಲಿಂದ ಮತ್ತೆ ಏರಿ ಫೋನಿಗೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಕಚೇರಿಗೆ ಸಂಬಂಧಪಡದ 1,300 ಎಂಬಿಯು 12 ಜನರಿಂದ ದಿನಕ್ಕೆ 15.6 ಜಿಬಿ ಆಗುತ್ತದೆ. ಎರಡು ಬಾರಿ ಸಾಗುವುದರಿಂದ 31.2 ಜಿಬಿ. ಕಚೇರಿ ಕೆಲಸದ 3 ಜಿಬಿ ಸೇರಿಸಿದರೆ 34.2 ಜಿಬಿ, ತಿಂಗಳಿಗೆ ಸುಮಾರು 889 ಜಿಬಿ. ಭಾಗಶಃ ಸುರಂಗದಲ್ಲಿ ಇದೇ ಅಂಕಿ 78 ಜಿಬಿ ಮಾತ್ರ. ಮೊಬೈಲ್ ಬಿಲ್ಲಿನಲ್ಲಿ ಕಾಣದ ಈ ಹೊರೆ ಬ್ರಾಡ್‌ಬ್ಯಾಂಡ್ ಮೇಲೆ ಬಿದ್ದು, ಬಿಲ್ಲಿಂಗ್ ಕೌಂಟರಿನಲ್ಲಿ ವ್ಯವಸ್ಥೆ ನಿಧಾನವಾದಾಗ ಅದರ ಮೂಲ ಯಾರಿಗೂ ಹೊಳೆಯುವುದಿಲ್ಲ.

ಜಿಎಸ್‌ಟಿ ಪೋರ್ಟಲ್, ಬ್ಯಾಂಕ್ ತಾಣಗಳು ಮೊದಲೇ ಗೂಢಲಿಪಿ ಸಂಪರ್ಕ ಬಳಸುವುದರಿಂದ ಅವನ್ನು ಸುರಂಗದ ಮೂಲಕ ಕಳುಹಿಸುವ ಅಗತ್ಯ ಕಡಿಮೆ. ಆದರೆ ರೈಲು ನಿಲ್ದಾಣ, ವಸತಿಗೃಹಗಳಂತಹ ಕಡೆ ಸಾರ್ವಜನಿಕ ವೈಫೈ ಬಳಸುವ ಸಿಬ್ಬಂದಿಗೆ ಪೂರ್ಣ ಸುರಂಗದಿಂದ ಹೆಚ್ಚಿನ ರಕ್ಷಣೆ ದೊರೆಯುತ್ತದೆ. ಆಯ್ಕೆಯನ್ನು ಕೆಲಸದ ಸ್ವರೂಪ ನೋಡಿ ಮಾಡಬೇಕು.

8. ಅಳತೆ ಮಾಡುವ ಕ್ರಮ

ಸಿಬ್ಬಂದಿಯ ಮಾತನ್ನಾಗಲೀ ಅಂದಾಜನ್ನಾಗಲೀ ನೆಚ್ಚದೆ, ಸಂಸ್ಥೆಯೇ ಒಂದು ಗಂಟೆಯಲ್ಲಿ ಅಳತೆ ಮಾಡಬಹುದು.

(ಅ) ಒಂದು ಫೋನಿನಲ್ಲಿ ವೈಫೈ, ಫೋಟೋ ಸಂಗ್ರಹ ಮತ್ತು ಆ್ಯಪ್ ನವೀಕರಣಗಳನ್ನು ನಿಲ್ಲಿಸಿ, ಸೆಟ್ಟಿಂಗ್ಸ್‌ನಲ್ಲಿರುವ ಒಟ್ಟು ಮೊಬೈಲ್ ಡೇಟಾ ಅಂಕಿಯನ್ನು ಬರೆದುಕೊಳ್ಳಬೇಕು.

(ಆ) ಗಾತ್ರ ಗೊತ್ತಿರುವ ಒಂದು ಕಡತವನ್ನು, ಉದಾಹರಣೆಗೆ 100 ಎಂಬಿಯದನ್ನು, ವಿಪಿಎನ್ ಇಲ್ಲದೆ ಇಳಿಸಿ ಮತ್ತೆ ಅಂಕಿ ಬರೆದುಕೊಳ್ಳಬೇಕು.

(ಇ) ಅದೇ ಕಡತವನ್ನು ವಿಪಿಎನ್ ಹಾಕಿ ಇಳಿಸಬೇಕು. ಎರಡು ವ್ಯತ್ಯಾಸಗಳ ಹೋಲಿಕೆಯೇ ವಿಪಿಎನ್ ಹೆಚ್ಚಳ. ಮೂರು ಬಾರಿ ಪುನರಾವರ್ತಿಸಿ ಸರಾಸರಿ ತೆಗೆದರೆ ಅಂಕಿ ವಿಶ್ವಾಸಾರ್ಹವಾಗುತ್ತದೆ.

(ಈ) ಕೊನೆಗೆ ಮೊಬೈಲ್ ಕಂಪನಿಯ ಆ್ಯಪ್‌ನಲ್ಲಿ ತೋರಿಸುವ ಬಳಕೆಯೊಂದಿಗೆ ತಾಳೆ ನೋಡಬೇಕು. ಅಲ್ಲಿ ಅಂಕಿ ತಡವಾಗಿ ಮೂಡಬಹುದಾದುದರಿಂದ ಸ್ವಲ್ಪ ಕಾಯಬೇಕು.

ಒಂದು ಎಚ್ಚರಿಕೆ ಅಗತ್ಯ. ಕೆಲವು ಫೋನ್‌ಗಳಲ್ಲಿ ಎಲ್ಲ ಆ್ಯಪ್‌ಗಳ ಬಳಕೆಯೂ ವಿಪಿಎನ್ ಆ್ಯಪ್‌ನ ಹೆಸರಿನಲ್ಲಿ ಕಾಣಿಸಿಕೊಳ್ಳುವುದುಂಟು. ಪಟ್ಟಿಯ ಮೇಲ್ಭಾಗದಲ್ಲಿ ವಿಪಿಎನ್ ಆ್ಯಪ್ ದೊಡ್ಡ ಅಂಕಿಯೊಂದಿಗೆ ಇರುವುದನ್ನು ತೋರಿಸಿ ಸಿಬ್ಬಂದಿಯು ಅದನ್ನೇ ಸಾಕ್ಷ್ಯವಾಗಿ ಮುಂದಿಡಬಹುದು. ಆ ಅಂಕಿಯಲ್ಲಿ ಇತರ ಆ್ಯಪ್‌ಗಳ ಬಳಕೆಯೇ ಅಡಕವಾಗಿರುತ್ತದೆ. ಎರಡನ್ನೂ ಕೂಡಿಸುವುದು ಒಂದೇ ಬಿಲ್ಲನ್ನು ಎರಡು ಬಾರಿ ಖರ್ಚಿಗೆ ಹಾಕಿದಂತೆ. ಒಟ್ಟು ಮೊತ್ತವನ್ನು ಮಾತ್ರ ನಂಬಬೇಕು.

9. ತೆರಿಗೆ ಮತ್ತು ಲೆಕ್ಕಪತ್ರದ ಅಂಶಗಳು

ಸಿಬ್ಬಂದಿಯ ಸ್ವಂತ ಸಂಖ್ಯೆಗೆ ಮಾಡಿದ ರೀಚಾರ್ಜ್ ಹಣವನ್ನು ಮರುಪಾವತಿಸುವ ಪದ್ಧತಿಯಲ್ಲಿ, ಬಿಲ್ ಸಂಸ್ಥೆಯ ಹೆಸರಿನಲ್ಲಿ ಇರುವುದಿಲ್ಲವಾದ್ದರಿಂದ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ದೂರಸಂಪರ್ಕ ಸೇವೆಯ ಮೇಲಿನ ಜಿಎಸ್‌ಟಿ ಶೇ. 18. ರೂ. 300ರಲ್ಲಿ ತೆರಿಗೆಯ ಭಾಗ ಸುಮಾರು ರೂ. 45.76, 12 ಸಂಪರ್ಕಗಳಿಗೆ ರೂ. 549. ನೋಂದಾಯಿತ ಸಂಸ್ಥೆಯು ತನ್ನ ಹೆಸರಿನಲ್ಲಿ, ತನ್ನ ಜಿಎಸ್‌ಟಿ ಸಂಖ್ಯೆಯೊಂದಿಗೆ ಸಂಪರ್ಕ ಪಡೆದರೆ, ಕಾಯ್ದೆಯ 16ನೇ ಕಲಮಿನ ಷರತ್ತುಗಳಿಗೆ ಒಳಪಟ್ಟು, ವ್ಯವಹಾರಕ್ಕೆ ಬಳಸಿದ ಭಾಗದ ಮಟ್ಟಿಗೆ ಈ ಮೊತ್ತವನ್ನು ಜಮೆ ಪಡೆಯಬಹುದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ವಿಪಿಎನ್ ಹೆಚ್ಚಳದ ರೂ. 45ನ್ನು ಉಳಿಸಲು ಹೊರಟು ರೂ. 549ನ್ನು ಗಮನಿಸದಿರುವುದು ಜಾಣತನವಾಗದು.

ವಿದೇಶಿ ಸಂಸ್ಥೆಯಿಂದ ವಿಪಿಎನ್ ಸೇವೆಯನ್ನು ಹಣ ಕೊಟ್ಟು ಪಡೆಯುವ ನೋಂದಾಯಿತ ವರ್ತಕರು ಅದನ್ನು ಸೇವೆಯ ಆಮದು ಎಂದು ಪರಿಗಣಿಸಿ, ವಿಲೋಮ ಪಾವತಿ ಕ್ರಮದಲ್ಲಿ ತಾವೇ ತೆರಿಗೆ ಕಟ್ಟಿ, ಅರ್ಹತೆಯಿದ್ದಲ್ಲಿ ಜಮೆ ಪಡೆಯಬೇಕಾಗುತ್ತದೆ. ಕ್ರೆಡಿಟ್ ಕಾರ್ಡ್ ಮೂಲಕ ಸಣ್ಣ ಮೊತ್ತ ಪಾವತಿಯಾಗುವುದರಿಂದ ಇದು ಲೆಕ್ಕಪುಸ್ತಕದಲ್ಲಿ ತಪ್ಪಿಹೋಗುವ ಸಾಧ್ಯತೆ ಹೆಚ್ಚು.

ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಸೇವೆ ಮಾರುವ ಸಂಸ್ಥೆಗಳು ಗ್ರಾಹಕರ ವಿವರಗಳನ್ನು ಐದು ವರ್ಷಗಳ ಕಾಲ ಕಾಯ್ದಿರಿಸಬೇಕು. ಇದರ ನಂತರ ಕೆಲವು ವಿದೇಶಿ ಸಂಸ್ಥೆಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ಹಿಂತೆಗೆದುಕೊಂಡವು. ಸಂಸ್ಥೆಯೊಂದು ತನ್ನ ಸಿಬ್ಬಂದಿಗಾಗಿ ನಡೆಸುವ ಆಂತರಿಕ ವಿಪಿಎನ್‌ಗೆ ಗ್ರಾಹಕರ ವಿವರ ಕಾಯ್ದಿರಿಸುವ ಈ ನಿಯಮ ಅನ್ವಯಿಸುವುದಿಲ್ಲವೆಂದು ಅನಂತರದ ಸ್ಪಷ್ಟೀಕರಣದಲ್ಲಿ ತಿಳಿಸಲಾಗಿದೆ.

10. ಉಚಿತ ವಿಪಿಎನ್ ಮತ್ತು ವಿಪಿಎನ್ ತೆಗೆಯುವುದರ ಬೆಲೆ

ಡೇಟಾ ವೆಚ್ಚ ತಪ್ಪಿಸಲು ಉಚಿತ ವಿಪಿಎನ್ ಆ್ಯಪ್‌ಗಳ ಮೊರೆಹೋಗುವುದು ಮತ್ತೊಂದು ಅಪಾಯ. ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡ ಒನಾವೊ ಎಂಬ ಸಂಸ್ಥೆಯ ಉಚಿತ ವಿಪಿಎನ್ ಆ್ಯಪ್ ಬಳಕೆದಾರರ ಚಟುವಟಿಕೆಯ ಮಾಹಿತಿಯನ್ನು ಸಂಗ್ರಹಿಸುತ್ತಿತ್ತು. 2018ರಲ್ಲಿ ಅದು ಆಪಲ್ ಆ್ಯಪ್ ಅಂಗಡಿಯಿಂದ ಹೊರಬಿದ್ದಿತು. 2019ರಲ್ಲಿ ಸಂಪೂರ್ಣ ಮುಚ್ಚಿಹೋಯಿತು. 2023ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯವು ಇದೇ ವಿಷಯದಲ್ಲಿ ಆ ಸಮೂಹದ ಎರಡು ಕಂಪನಿಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಉಚಿತ ಸೇವೆಯ ಬೆಲೆಯನ್ನು ಬೇರೆ ರೂಪದಲ್ಲಿ ತೆರಬೇಕಾಗಬಹುದು ಎಂಬುದಕ್ಕೆ ಇದು ನಿದರ್ಶನ.

ವಿಪಿಎನ್ ಅನ್ನೇ ತೆಗೆದು ಕಚೇರಿಯ ರಿಮೋಟ್ ಡೆಸ್ಕ್‌ಟಾಪ್ ದ್ವಾರವನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುವುದು ಇದಕ್ಕಿಂತಲೂ ಗಂಭೀರ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಕೋರರು ಒಳನುಗ್ಗಲು ಪದೇ ಪದೇ ಬಳಸಿಕೊಂಡಿರುವ ಮಾರ್ಗಗಳಲ್ಲಿ ಇದು ಒಂದು. ಹಾಗಾದಲ್ಲಿ ನಷ್ಟವಾಗುವುದು ಖಾತೆ ಪುಸ್ತಕಗಳು, ಬಾಕಿ ಪಟ್ಟಿ, ದಾಸ್ತಾನು ಲೆಕ್ಕ ಮತ್ತು ಗ್ರಾಹಕರ ವಿಶ್ವಾಸ. ಇದಲ್ಲದೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯು, ಗ್ರಾಹಕರ ಮಾಹಿತಿಗೆ ಸೂಕ್ತ ರಕ್ಷಣೆ ಒದಗಿಸಲು ತಪ್ಪಿದಲ್ಲಿ ಗರಿಷ್ಠ ರೂ. 250 ಕೋಟಿಯವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ.

ಮುಕ್ತಾಯ

ವಿಪಿಎನ್ ಬಳಕೆಯಿಂದ ಮೊಬೈಲ್ ಡೇಟಾ ಹೆಚ್ಚು ಖರ್ಚಾಗುತ್ತದೆ ಎಂಬುದು ನಿಶ್ಚಿತ. ಸಾಮಾನ್ಯ ಬಳಕೆಯಲ್ಲಿ ಆ ಹೆಚ್ಚಳ ಶೇ. 4ರಿಂದ 8ರ ಆಸುಪಾಸಿನಲ್ಲಿರುತ್ತದೆ ಎಂಬುದೂ, ವ್ಯವಸ್ಥೆ ಸರಿಯಿದ್ದಲ್ಲಿ ಅದರ ಬೆಲೆ ಅತ್ಯಲ್ಪ ಎಂಬುದೂ ಮೇಲಿನ ಅಂಕಿಗಳಿಂದ ಸ್ಪಷ್ಟವಾಗುತ್ತದೆ. ಡೇಟಾ ಬೇಗ ಮುಗಿಯುತ್ತಿದ್ದರೆ ಮೊದಲು ಫೋಟೋ ಸಂಗ್ರಹ, ಆ್ಯಪ್ ನವೀಕರಣ ಮತ್ತು ವಿಡಿಯೋಗಳ ಕಡೆ ನೋಡಬೇಕು. ಅನಂತರ ಸುರಂಗದ ವಿಧ ಮತ್ತು ಹೊಂದಿಕೆಯನ್ನು ಪರಿಶೀಲಿಸಬೇಕು. ಪ್ರತಿನಿಧಿಯ ಬಳಕೆ ಆಗಲೂ ಮಿತಿಯ ಅಂಚಿನಲ್ಲಿದ್ದರೆ ದೊಡ್ಡ ಯೋಜನೆಗೆ ಬದಲಾಯಿಸಬೇಕು. ವಿಪಿಎನ್ ತೆಗೆಯುವ ನಿರ್ಧಾರಕ್ಕೆ ಬರುವ ಮುನ್ನ 12 ಫೋನ್‌ಗಳಲ್ಲಿ ಒಂದನ್ನಾದರೂ ಅಳೆದು ನೋಡಿದ ಮಾಲೀಕರಿಗೆ, ತಿಂಗಳಿಗೆ ರೂ. 45 ಉಳಿಸಲು ಇಡೀ ಖಾತೆ ಪುಸ್ತಕವನ್ನು ಒತ್ತೆಯಿಡುವ ಪ್ರಮೇಯ ಬಾರದು.